ಯಾವುದನ್ನು ಮೊದಲು ತೆಗೆಯಲಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಬರೆಯುತ್ತಿರುವವಳು ನಿನ್ನ ಅಮ್ಮ. ಈ ಮನೆಯ ಯಜಮಾನಿ, ಕೆಳಗಿನ ಹೊಲಿಗೆ ಅಂಗಡಿಯ ಒಡತಿ, ಹೈಸ್ಕೂಲು ಪಾಸಾದವಳು. ಇಲ್ಲಿ ಕತ್ತರಿ ಎತ್ತುವ ಮೊದಲು ಎಲ್ಲರೂ ನನ್ನ ಮುಖ ನೋಡುತ್ತಾರೆ. ಇದನ್ನೆಲ್ಲ ನೆನಪಿಸಬೇಕಾಗಿ ಬಂದದ್ದು ಯಾಕೆಂದರೆ, ಮೊನ್ನೆಯಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಎತ್ತದಿದ್ದರೆ ಬೇಡ. ಕಾಗದ ಮಾತಾಡುವಾಗ ನೀನು ಮಧ್ಯೆ ಬಾಯಿ ಹಾಕಲಾರೆ. ನನಗೂ ಅದೇ ಅನುಕೂಲ.

ಲ್ಯಾಪ್‌ಟಾಪಿನ ವಿಷಯ. ಅಪ್ಪನ ಗಂಟಲಿನ ಆಪರೇಷನ್ನಿಗೆ ಮುಂಚೆ ನೀನು ರಜೆ ಹಾಕಿ ಬಂದು, ಅವರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಮಾತು ಹೇಳಿಸಿ ಅದರಲ್ಲಿ ತುಂಬಿಸಿದ್ದೆ. ಬಸ್ ನಿಲ್ದಾಣದ ಮೈಕಿನಲ್ಲಿ ಜೀವಮಾನವೆಲ್ಲ ಕೂಗಿದ ಮನುಷ್ಯ. 'ನೀರು' ಎನ್ನಿ ಅಂದರೂ ಬಸ್ಸು ಬಂತೇನೋ ಎಂಬಂತೆ ಹೇಳಿದರು. ಮುಂದೆ ಅವರ ದನಿ ಹೋದರೂ ಗುಂಡಿ ಒತ್ತಿದರೆ ಯಂತ್ರ ಅವರದೇ ದನಿಯಲ್ಲಿ ಮಾತಾಡುತ್ತದೆ ಎಂದಿದ್ದೆ. ಎರಡು ಫೋಲ್ಡರು ಮಾಡಿದ್ದೆ. ಒಂದು ದಿನದ ಮಾತುಗಳದ್ದು: ನೀರು, ನೋವು, ಸಾಕು, ದೀಪ ಆರಿಸು. ಇನ್ನೊಂದು ಹೆಸರುಗಳದ್ದು, ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಕರೆದದ್ದು. ಮತ್ತೊಂದು ಪ್ರತಿ ಮಾಡಿಡಲಿಲ್ಲ ಯಾಕೆ ಎಂದು ನಾನು ಕೇಳಬಹುದು. ಕೇಳುವುದಿಲ್ಲ.

ಆ ಲ್ಯಾಪ್‌ಟಾಪು ಟಕ್ ಟಕ್ ಎನ್ನಲು ತೊಡಗಿದಾಗ ನಾನು ಗಾಬರಿಯಾಗಲಿಲ್ಲ. ನಮ್ಮ ಅಂಗಡಿಯ ಹಳೆಯ ಮಿಷನ್ನುಗಳನ್ನು ಕೆಲಸ ಇರಲಿ ಬಿಡಲಿ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಸ್ವಲ್ಪ ಓಡಿಸುತ್ತೇವೆ. ಓಡದ ಮಿಷನ್ನು ಬಿಗಿದು ಹಿಡಿದುಕೊಳ್ಳುತ್ತದೆ. ಹಾಗೆಯೇ ಇದನ್ನೂ ದಿನಾ ಆನ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಪರದೆ ಕಪ್ಪಗೇ ಉಳಿಯಿತು.

ರಿಪೇರಿಯವನ ಬಳಿ ನಾನೇ ಹೊತ್ತುಕೊಂಡು ಹೋದೆ. ಗಾಜಿನ ಬಾಗಿಲಿನ ಚಿಕ್ಕ ಅಂಗಡಿ, ಮೇಜಿನ ತುಂಬ ಹೊಟ್ಟೆ ಬಿಚ್ಚಿಕೊಂಡ ಯಂತ್ರಗಳು. ಅವನು ಕಿವಿಯಿಟ್ಟು ಕೇಳಿ, "ಈ ಸದ್ದು ಬಂದ ಮೇಲೂ ಆನ್ ಮಾಡಿದ್ರಾ ಅಮ್ಮಾ?" ಎಂದ. ದಿನಾ ಮಾಡಿದ್ದೇನೆ ಎಂದೆ, ಹೆಮ್ಮೆಯಿಂದಲೇ. ಕಾರಣವನ್ನೂ ಹೇಳಿದೆ.

"ಅಯ್ಯೋ, ಇದೇನು ಹೊಲಿಗೆ ಮಿಷನ್ನಾ? ಒಳಗೆ ಡಿಸ್ಕಿನ ತಟ್ಟೆಗೆ ಅದನ್ನ ಓದೋ ಮುಳ್ಳು ತಾಗ್ತಿದೆ. ಆನ್ ಮಾಡಿದಾಗೆಲ್ಲ ಒಂದಿಷ್ಟು ಕೆರೆದು ಹಾಕಿದೆ."

"ಹಾಗಿದ್ರೆ ಅದರ ಮೇಲೇ ಬರೆದಿರಬೇಕಿತ್ತಪ್ಪ," ಎಂದೆ. ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಕೊನೆಯದಾಗಿ ಒಂದು ಸಲ ತಿರುಗಿಸಬಹುದು, ಯಾವ ಗಳಿಗೆಯಲ್ಲಾದರೂ ನಿಂತುಬಿಡಬಹುದು ಎಂದ. ಯಾವುದನ್ನು ಮೊದಲು ತೆಗೆಯಲಿ ಎಂದು ಕೇಳಿದ. ನಿನಗೆ ಫೋನು ಮಾಡಿದೆ. ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ಹೆಸರು ಮೊದಲು ಅಮ್ಮಾ. ನೀರು ಬೇಕು ಅಂತ ಯಾರ ದನಿಯಾದ್ರೂ ಹೇಳುತ್ತೆ. ಗುಬ್ಬೀ ಅಂತ ಅಪ್ಪನೇ ಕರೀಬೇಕು."

ಫೋನು ಇಟ್ಟು ನಾನು ಅವನಿಗೆ ಹೇಳಿದ್ದು, ದಿನದ ಮಾತು ಮೊದಲು ಎಂದು.

ನಿನ್ನ ಸಿಟ್ಟು ಅದಕ್ಕೆ. ಇರಲಿ. ಯಾರದೋ ದನಿಯಲ್ಲಿ 'ನೋವು' ಎಂದರೆ ಈ ಮನೆಯಲ್ಲಿ ಯಾರು ದಡಕ್ಕನೆ ಎದ್ದು ಬರುತ್ತಾರೆ? ಅಂಗಿಗೆ ಮೊದಲು ತೋಳು ಕೂಡಿಸಬೇಕು, ಲೇಸು ಆಮೇಲೆ.

ಬಂದದ್ದರಲ್ಲಿ ಮುಕ್ಕಾಲು ಪಾಲು ಬರೀ ಗೊರಗೊರ. ಸ್ಪಷ್ಟವಾಗಿ ಉಳಿದದ್ದು 'ಸಾಕು' ಒಂದೇ. ಅಷ್ಟರಲ್ಲಿ ಡಿಸ್ಕು ನಿಂತಿತು. ಹೆಸರುಗಳ ಹತ್ತಿರಕ್ಕೂ ಹೋಗಲಾಗಲಿಲ್ಲ.

ಆ ಒಂದು ಮಾತನ್ನು ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು, ಮತ್ತೊಮ್ಮೆ ಹಾಕೆಂದು ಸನ್ನೆ ಮಾಡಿದರು. ಆಮೇಲೆ ಸ್ಲೇಟಿನ ಮೇಲೆ ದುಂಡಗೆ ಬರೆದರು: "ಕೊನೆಯ ಬಸ್ಸು ಹೊರಟುಹೋಗಿದೆ. ಪ್ರಯಾಣಿಕರು ಮನೆಗೆ ತೆರಳಬಹುದು." ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಏನೋ; ದನಿಯಿಲ್ಲದಿದ್ದರೆ ಯಾವುದೆಂದು ತಿಳಿಯುವುದಿಲ್ಲ.

ಡಿಸ್ಕನ್ನು ಬೇರೆ ಊರಿನ ದೊಡ್ಡ ತಜ್ಞರಿಗೆ ಕಳಿಸೋಣ ಎಂದು ನಿನ್ನ ಅಣ್ಣನ ಕೈಲಿ ಹೇಳಿಸಿದ್ದೀಯ. ರಿಪೇರಿಯವನು ನನ್ನೆದುರೇ ಮುಚ್ಚಳ ತೆಗೆದು ತೋರಿಸಿದ. ಕನ್ನಡಿಯಂಥ ತಟ್ಟೆ, ಅದರ ಮೇಲೆ ಸುತ್ತಲೂ ಆಳವಾದ ಗೀರು, ಮೂಲೆಯಲ್ಲಿ ಬೂದಿಯಂಥ ಪುಡಿ. "ಈ ಪುಡೀನೇ ನಿಮ್ಮ ಫೈಲು ಅಮ್ಮಾ," ಎಂದ. ಪುಡಿಯನ್ನು ಯಾವ ತಜ್ಞ ಹೊಲಿದು ಕೊಡುತ್ತಾನೆ?

ಮುರಿದ ಸೂಜಿ ಡಬ್ಬಿಗೆ ಮರಳಬಾರದು, ಇದು ನನ್ನ ಅಂಗಡಿಯ ಕಟ್ಟಳೆ. ಇದ್ದರೆ ಯಾವುದೋ ಕೈ ತಾನಾಗಿ ಹೋಗಿ ಚುಚ್ಚಿಸಿಕೊಳ್ಳುತ್ತದೆ. ನಿನ್ನೆ ಗುಜರಿಯವನು ಬಂದಿದ್ದ. ಮುರಿದ ಸೂಜಿಗಳ ಜೊತೆ ಡಿಸ್ಕನ್ನೂ ನನ್ನ ಕೈಯಾರೆ ಅವನ ಚೀಲಕ್ಕೆ ಹಾಕಿದೆ. ಹೋಯಿತು. ಇನ್ನು ಆ ಮಾತು ಎತ್ತಬೇಡ.

ಅಪ್ಪ ಚೆನ್ನಾಗಿದ್ದಾರೆ ಎಂದು ಬರೆದರೆ ನೀನು ನಂಬುವುದಿಲ್ಲ. ಅದಕ್ಕೇ ಬರೆಯುವುದಿಲ್ಲ.

ಇಂತಿ, ಫೋನು ಎತ್ತದ ಮಗಳ
ಅಮ್ಮ

ತಾ.ಕ.: ಮಿಷನ್ನು ಹಿಡಿದುಕೊಳ್ಳುತ್ತದೆ ಎಂದದ್ದು ಸುಳ್ಳಲ್ಲ. ಆದರೆ ದಿನಾ ಆನ್ ಮಾಡಿದ್ದು ಅದಕ್ಕಲ್ಲ. ಹೆಸರುಗಳ ಫೋಲ್ಡರಿನಲ್ಲಿ ನೀನು ಅಪ್ಪನಿಂದ ನನ್ನ ಹೆಸರನ್ನೂ ಹೇಳಿಸಿದ್ದೆ. ಮದುವೆಯಾದಂದಿನಿಂದ ಅವರು 'ಇವಳೇ' ಎನ್ನುವುದು ಬಿಟ್ಟು ನನ್ನನ್ನು ಬೇರೆ ಏನೆಂದೂ ಕರೆದದ್ದಿಲ್ಲ. ಕೆಲಸದವರು ಬರುವ ಮುಂಚೆ ಅದನ್ನೊಂದು ಸಲ ಕೇಳುತ್ತಿದ್ದೆ. ಹೆಸರು ಮೊದಲು ಎನ್ನಲು ನನಗೂ ಆಸೆಯಿತ್ತು; ಬಡಿಸುವವಳು ತನ್ನ ತಟ್ಟೆಗೆ ಮೊದಲು ಹಾಕಿಕೊಳ್ಳಬಾರದು ಎಂದು ನಿನಗೂ ಕಲಿಸಿದ್ದೇನೆ. ಈ ವಿಷಯ ಅಪ್ಪನ ಕಿವಿಗೆ ಬೀಳಕೂಡದು.