ಮಣ್ಣಿಗೆ ಕೊಟ್ಟ ಕಣ್ಣು

ಮಂಗಳವಾರ, ೧೮ ನವೆಂಬರ್ ೨೦೨೫

ಆ ಡಬ್ಬಿ ಮನಸ್ಸಿನಿಂದ ಹೋಗವಲ್ದು. ತಿಕೋಟಾದ ಸುರೈಯಾ ಅನ್ನಾಕಿ ಇವತ್ತ ನಮ್ಮ ಲ್ಯಾಬಿಗೆ ಬಂದು, ಕ್ಯಾನ್ಸರ್ ಅಂತ ತೆಗೆದ ಗಂಡನ ಕಣ್ಣ ವಾಪಸ್ ಕೇಳಿದ್ಳು. "ಮೈಯಾಗಿಂದು ಮಣ್ಣಿಗೇ ಹೋಗಬೇಕ್ರಿ, ಮೇಡಂ." ಪರೀಕ್ಷೆಗೆ ಕೊಯ್ದು ಉಳಿದದ್ದನ್ನ ಡಬ್ಬಿಗೆ ಹಾಕಿ ಕೊಟ್ಟೆ.

ಕಣ್ಣಿನ ರಕ್ತನಾಳದ ಪದರು ಸೂಕ್ಷ್ಮದರ್ಶಕದಾಗ ಎಷ್ಟು ಚೆಂದ, ಹಾಳಾದ್ದು! ಒಳಗಡೆ ಎಳಿ ಎಳಿ ನಾಳಗಳ ಜಾಳಿಗಿ, ಹೊರಗಡೆ ದಪ್ಪ ನಾಳಗಳು, ನಡುವ ಕಂದುಬಣ್ಣದ ಕೋಶಗಳು. ಅಕಿ ಗಂಡನ ಕಣ್ಣಾಗ ಆ ಕೋಶಗಳೇ ಕೆಟ್ಟು ಗಡ್ಡಿ ಆಗ್ಯಾವ. ಕಣ್ಣಿಂದ ಹೊರಗ ಹೋಗೋ ನಾಳದಾಗೂ ಅವೇ ತುಂಬ್ಯಾವ. ಅಂದರ ಬ್ಯಾನಿ ಆಗಲೇ ಮೈಗೆ ಇಳದಿರಬೇಕು.

"ಇದನ್ನ ಹೂತರ ಬ್ಯಾನಿ ಮುಗೀತಲ್ರಿ?" ಅಂದ್ಳು. ಆಪರೇಷನ್ ಮಾಡಿದ ಡಾಕ್ಟರ್ ಹೇಳ್ತಾರವ್ವಾ, ಅಂದೆ.

ಹೊರಗ ಆಟೋದಾಗ ಅಕಿ ಗಂಡ ಫಕ್ರುದ್ದೀನ ಡಬ್ಬಿ ತೊಡಿ ಮ್ಯಾಲ ಇಟಗೊಂಡು, ಉಳಿದ ಕಣ್ಣಿಂದ ನನ್ನ ನೋಡಿ, ನಕ್ಕು ಸಲಾಂ ಮಾಡಿದ. ನಾನೂ ಕೈ ಎತ್ತಿದೆ.