ನನ್ನ ಮಜ್ಜೆಯ ರಿಪೋರ್ಟು

ಅಜೆಕಾರು, ಸೋಮವಾರ

ಡಾಕ್ಟರ್ ಮೇಡಮ್‌ರವರಿಗೆ ನಮಸ್ಕಾರ.

ನನ್ನ ರಕ್ತದ ಕ್ಯಾನ್ಸರಿಗೆ ನೀವು ಕೊಡಬೇಕೆಂದಿರುವ ಮದ್ದು ಹಿಡಿಯುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ಸೊಂಟದ ಮೂಳೆಯಿಂದ ಮಜ್ಜೆ ತೆಗೆದಿರಿ. ರಿಪೋರ್ಟು ಬಂದ ದಿನ, “ಅಮ್ಮ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ” ಎಂದು ನನ್ನನ್ನೇ ಕಳುಹಿಸಿ, ತಮ್ಮನಿಗೆ ಹೇಳಿದಿರಿ. ಸೂಜಿ ಚುಚ್ಚಿದ್ದು ಅವನಿಗೋ? ಅವನು ಬಂದು, “ಎಂತ ಇಲ್ಲ ಅಕ್ಕ, ಎಲ್ಲ ಒಳ್ಳೆದುಂಟು” ಎಂದ. ಅಂದಿನಿಂದ ಅವನ ಹೆಂಡತಿ ನನ್ನನ್ನು ಒಮ್ಮೆಯೂ ಬೈದಿಲ್ಲ. ಅದೇ ನನಗೆ ಹೆದರಿಕೆ.

ನಾನು ಐದನೇ ಕ್ಲಾಸು ಮುಗಿಸದವಳು. ಆದರೂ ಹಿಡಿಯುತ್ತದೆ, ಹಿಡಿಯುವುದಿಲ್ಲ ಎಂದರೆ ಅರ್ಥವಾಗುತ್ತದೆ. ಗುರುವಾರ ಮೊದಲ ಬಸ್ಸಿಗೆ ಒಬ್ಬಳೇ ಬರುತ್ತೇನೆ. ನನ್ನ ಮುಖ ನೋಡಿಯೇ ಹೇಳಿ. ನನಗೆ ಗೊತ್ತಾಯಿತೆಂದು ತಮ್ಮನಿಗೆ ಮಾತ್ರ ತಿಳಿಸಬೇಡಿ. ಆ ದಿನ ಅವನು ಮುಖ ತೊಳೆದುಕೊಂಡೇ ನನ್ನ ಹತ್ತಿರ ಬಂದದ್ದು.

ಮಜ್ಜೆ ಕೊಟ್ಟವಳು,
ಫ್ಲೋಸಿ ಮಥಾಯಸ್