ಗೋಡೆಗೆ ಹಾಕೋಣ ಎಂದಿದ್ದ ಫೋಟೋ

ಲಕ್ಷ್ಮೇಶ್ವರ
೧೮ ಫೆಬ್ರುವರಿ ೨೦೨೫

ಶ್ರೀ ಮೌನೇಶ ಅವರಿಗೆ ಶೈಲಾ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಇಷ್ಟು ವರ್ಷ "ಏನ್ರೀ" ಎಂದೇ ಕರೆದೆ, ನೀವು ಓಗೊಟ್ಟದ್ದು ಅಷ್ಟರಲ್ಲೇ ಇದೆ. ಫೋನಿನಲ್ಲಿ ಹೇಳಲು ಹೋದರೆ ನಡುವೆ ಬಾಯಿ ಹಾಕುತ್ತೀರಿ, ನನಗೆ ಅಳು ಬರುತ್ತದೆ, ನೀವು "ಆತು, ಆಮ್ಯಾಲೆ ಮಾತಾಡೋಣು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಅಣ್ಣನ ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ. ನಾನೂ ಆರಾಮ ಎಂದೇ ಅವರಿಗೆ ಹೇಳಿದ್ದೇನೆ.

ಅಣ್ಣ ನೇಕಾರಿಕೆ ಬಿಟ್ಟ ಮೇಲೆ ಅವ್ವ ತನ್ನ ಮಗ್ಗದ ಸಮೇತ ನಮ್ಮ ಬೆಟಗೇರಿ ಮನೆಗೆ ಬಂದಳು. ಕಣ್ಣು ಮುಚ್ಚುವಾಗ ಅದರ ಮೇಲೆ ಅರ್ಧ ಸೀರೆ ಬಿಟ್ಟು ಹೋದಳು. ಉಳಿದರ್ಧ ನಾನು ನೇಯಬೇಕು ಎಂದು ಕೂತರೆ ಕೈ ನಡುಗುತ್ತಿತ್ತು. ಲಾಳಿ ಎಸೆದರೆ ಎಳೆ ಹರಿಯುತ್ತಿತ್ತು. ಎಳೆ ಜೋಡಿಸುತ್ತ ಅಲ್ಲೇ ಕುಳಿತಿರುತ್ತಿದ್ದೆ, ಒಲೆಯ ಮೇಲೆ ಸಾರು ಹೊತ್ತಿದರೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ದೀಪಾವಳಿಯ ಮುಂಚೆ ನೀವು ಅಯ್ಯೂಬಭಾಯಿಯ ಸ್ಟುಡಿಯೋದಿಂದ ಕ್ಯಾಮೆರಾ ತಂದು ನನ್ನ ತೊಡೆಯ ಮೇಲಿಟ್ಟು, "ರವಿವಾರಕ್ಕೊಮ್ಮೆ ಎಲ್ಲ್ಯರ ಹೋಗಿ ಬಾ, ತಲಿ ಹಗುರಾಕ್ಕೈತಿ" ಎಂದಿರಿ. ಅಂದು ನೀವು ನನ್ನ ಕಣ್ಣಿಗೆ ದೇವರಂತೆ ಕಂಡಿದ್ದಿರಿ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಖರೆ ಹೇಳುತ್ತೇನೆ, ತಲೆ ಹಗುರಾಯಿತು. ಮಾಗಡಿ ಕೆರೆಯ ದಂಡೆಯಲ್ಲಿ ಕುಳಿತು, ಪರದೇಶದ ಬಾತುಗಳು ನೀರಿಗಿಳಿಯುವುದನ್ನು ಕಾಯುವಾಗ ಬೇರೆ ಯಾವ ವಿಚಾರವೂ ಹತ್ತಿರ ಸುಳಿಯುತ್ತಿರಲಿಲ್ಲ. ಗುಂಡಿ ಒತ್ತುವ ಮುಂಚೆ ಉಸಿರು ಹಿಡಿಯಬೇಕು. ಉಸಿರು ಹಿಡಿದರೆ ಕೈ ನಿಲ್ಲುತ್ತಿತ್ತು. ಬಿಂಕದಕಟ್ಟಿಯ ಮೃಗಾಲಯದಲ್ಲಿ ಹುಲಿ ಆಕಳಿಸಲೆಂದು ಮಧ್ಯಾಹ್ನದ ತನಕ ಕಾದೆ, ಆ ಪುಣ್ಯಾತ್ಮ ಮಗ್ಗಲು ಕೂಡ ಬದಲಿಸಲಿಲ್ಲ. ಬಹಳ ದಿನಗಳ ಮೇಲೆ ಒಬ್ಬಳೇ ನಕ್ಕದ್ದು ಅವತ್ತೇ. ಮನೆಗೆ ಬಂದು ಮಗ್ಗಕ್ಕೆ ಕೂತರೆ ಎಳೆ ಹರಿಯುವುದು ಕಡಿಮೆಯಾಯಿತು. ಅವ್ವನ ಸೀರೆಗೆ ಸೆರಗೊಂದೇ ಬಾಕಿ ಉಳಿಯಿತು.

ಎಳ್ಳಮಾಸಿಯ ದಿನ ಮಗ್ಗ ನಿಲ್ಲಿಸಿ ಪೂಜೆ ಮಾಡಿದ್ದೆ. ನೀವು ಬಂದು, "ನಿಮ್ಮವ್ವನ ಮಗ್ಗದ್ದು ಒಂದು ಛಲೋ ಫೋಟೋ ತಗಿ, ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕೋಣು" ಎಂದಿರಿ. ಬೆಳಕಿಂಡಿಯಿಂದ ಬಿಸಿಲು ಕುಂಕುಮದ ಮೇಲೆ ಬೀಳುವ ತನಕ ಕಾದು ತೆಗೆದೆ. ನೀವು ಬೆನ್ನಿಗೇ ನಿಂತು ಕಂಬದ್ದು ತಗಿ, ತುಳಿಯೋ ಹಲಗಿದು ತಗಿ, ಕೆತ್ತಿದ್ದು ಸಮೀಪದಿಂದ ತಗಿ ಎಂದು ಹೇಳುತ್ತಿದ್ದಿರಿ. ಕಡೆಗೂ ಇವರಿಗೆ ನನ್ನ ಮಗ್ಗದ ಮೇಲೆ ಅಕ್ಕರೆ ಬಂತಲ್ಲ ಎಂದು ಹಿಗ್ಗಿದೆ. ದಡ್ಡಿ ನಾನು.

ಸಂಕ್ರಾಂತಿ ಮುಗಿದ ರವಿವಾರ ಮಾಗಡಿಯಿಂದ ಬಂದರೆ ಮಗ್ಗವಿದ್ದ ಮುಂದಿನ ಖೋಲಿ ಬೋಳಾಗಿತ್ತು. ಗೆದ್ದಲು ಹಿಡಿದು ಕಂಬ ಕುಸಿಯಿತು, ಸೌದೆಗೆ ಕೊಟ್ಟುಬಿಟ್ಟೆ ಎಂದಿರಿ. ಅಷ್ಟರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಸಿಮೆಂಟು ಬಿದ್ದಿತ್ತು, ನಿಮ್ಮ ತಮ್ಮ ಮೊಬೈಲ್ ಅಂಗಡಿಗೆಂದು ಅಳತೆ ತೆಗೆಯುತ್ತಿದ್ದ. ಮಗ್ಗದ ಮೇಲಿದ್ದ ಹಾಸಿನ ಎಳೆಗಳಿಗೆ ಕತ್ತರಿ ಹಚ್ಚಿದಿರಾ ಎಂದು ಕೇಳಿದೆ. ಹಾಕಿದ ಹಾಸನ್ನು ನೇಯ್ದು ಮುಗಿಸದೆ ಕತ್ತರಿಸುವುದಿಲ್ಲ, ಸಾವಾದ ಮನೆಯಲ್ಲೂ ಇಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ನಿಮಗೆ ಅದು ಗೊತ್ತಿರಲಿಲ್ಲವೇ? ನೀವು ನನ್ನ ತಲೆ ನೇವರಿಸಿ, "ಹೋಗ್ಲಿ ಬಿಡು, ಪುಣ್ಯಾಕ ನೀ ತಗದ ಫೋಟೋ ಐತಲ್ಲ" ಎಂದಿರಿ. ನಾನು ಅದನ್ನು ನೋಡಿಕೊಂಡೇ ಸಮಾಧಾನ ಮಾಡಿಕೊಂಡೆ.

ಹೋದ ವಾರ ನೆರೆಮನೆಯ ಮಮತಾ ತನ್ನ ಬಸುರಿ ಮಗಳ ಕುಬಸದ ಫೋಟೋ ತೆಗೆಯಲು ಕರೆದಳಲ್ಲ. ನೀವು ಎಂದೂ ಇಲ್ಲದ್ದು, ಬ್ಯಾಡ ಎಂದಿರಿ. ನಾನು ಹಟ ಮಾಡಿ ಹೋದೆ. ಕುಬಸ ಇಟ್ಟುಕೊಂಡಿದ್ದ ಹುಬ್ಬಳ್ಳಿ ರಸ್ತೆಯ ಆ ಹೊಸ ಹೋಟೆಲಿನ ಬಾಗಿಲಲ್ಲೇ ಅವ್ವನ ಮಗ್ಗ ನಿಂತಿತ್ತು. ಕಂಬಕ್ಕೆ ಚಿಮಣಿ ದೀಪ ತಾಗಿ ಸುಟ್ಟ ಕಲೆ ಹಾಗೆಯೇ ಇತ್ತು. ಗೆದ್ದಲಿನ ಒಂದು ತೂತೂ ಇರಲಿಲ್ಲ. ಸೆರಗಿಲ್ಲದ ಸೀರೆಯ ಮೇಲೆ ಪ್ಲಾಸ್ಟಿಕ್ ಚೆಂಡುಹೂವು ಚೆಲ್ಲಿದ್ದರು. ಬಂದವರೆಲ್ಲ ಲಾಳಿ ಹಿಡಿದು ಕುಳಿತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ, ಗೋಡೆಯ ತುಂಬ, ಕುಂಕುಮಕ್ಕೆ ಬಿಸಿಲು ಬಿದ್ದ ನನ್ನ ಫೋಟೋ. ನೀವು ಕೊಟ್ಟ ಮಾತು ಉಳಿಸಿಕೊಂಡಿದ್ದಿರಿ.

ಅಲ್ಲಿಯ ಮ್ಯಾನೇಜರ್ ಅಂಬರೀಶನಿಗೆ ನಾನು ಯಾರೆಂದು ಗೊತ್ತಿಲ್ಲ. "ಅಕ್ಕಾರ, ಈ ಫೋಟೋ ನೋಡೇ ನಮ್ಮ ಮಾಲಕರು ಮಗ್ಗ ತಗೊಳ್ಳಾಕ ಹೂಂ ಅಂದ್ರು. ಆ ಮನಿ ಹೆಣ್ಮಗಳು ಖುಷಿಲೆ ಕೊಟ್ಟಾಳಂತ" ಎಂದ. ನಾನು ಹೌದೇನು ಎಂದೆ. ಆ ದಿನದ ಫೋಟೋಗಳಲ್ಲಿ ಒಂದೂ ಸರಿ ಬಂದಿಲ್ಲ. ಪಾಪ, ಮಮತಾಗೆ ಏನು ಹೇಳಲಿ?

ಮಗ್ಗ ಮನೆಗೆ ಬರಲಿ, ಆಮೇಲೆ ನಾನು ಬರುತ್ತೇನೆ. ಕುಣಿಯನ್ನು ನೀವೇ ಅಗೆಯಬೇಕು, ಆಳು ಹಚ್ಚಕೂಡದು. ಆಗುವುದಿಲ್ಲ ಎಂದರೆ ಆ ಹೋಟೆಲಿಗೇ ಹೋಗಿ, ಎಲ್ಲರ ಕಣ್ಣೆದುರು ಕುಳಿತು ಕತ್ತರಿಸಿದ ಎಳೆ ಜೋಡಿಸಿ ಅವ್ವನ ಸೆರಗು ನೇಯುತ್ತೇನೆ. ಯಾರ ಮಗ್ಗ, ಯಾರು ಕೊಟ್ಟರು ಎಂದು ಕೇಳಿದವರಿಗೆ ಹೇಳುತ್ತೇನೆ.

ಇಂತಿ,
ಸುಮಿತ್ರವ್ವನ ಮಗಳು
ಶೈಲಾ

ತಾ.ಕ.: ಇಲ್ಲಿಗೆ ಬರುವ ದಾರಿಯಲ್ಲಿ ಕ್ಯಾಮೆರಾ ತಿರುಗಿ ಕೊಟ್ಟುಬಿಡಬೇಕೆಂದು ಅಯ್ಯೂಬಭಾಯಿಯ ಸ್ಟುಡಿಯೋ ಹೊಕ್ಕಿದ್ದೆ. ಪಾಪದ ಮನುಷ್ಯ, ಏನೂ ತಿಳಿಯದೆ ಎಲ್ಲ ಹೇಳಿದರು. ದೀಪಾವಳಿಯ ಮುಂಚೆ ನೀವು ಮತ್ತು ಅಂಬರೀಶ ಕೂಡಿಯೇ ಬಂದಿದ್ದಿರಂತೆ. ಕ್ಯಾಮೆರಾ ಆರಿಸಿದ್ದು ಅವನಂತೆ. ನೀವು ಪಕ್ಕದಲ್ಲಿ ನಿಂತು, "ಮದ್ಲ ಮಗ್ಗದ ಮುಂದ ಕುಂತಾಕಿ ಏಳಬೇಕಲ್ರಿ" ಎಂದು ನಕ್ಕಿರಂತೆ. ನನ್ನ ಕೈ ನಡುಗುವುದನ್ನು ನೋಡಿ ತಂದಿದ್ದೀರಿ ಎಂದುಕೊಂಡಿದ್ದೆ.